ನಾಚಿಕೆಯಾದರೆ ತೂಕ ಇಳಿಸುತ್ತಾಳೆಯೆ?

ಪ್ರಶ್ನೆ: ಮಗಳಿಗೆ 24 ವರ್ಷ, ತೂಕ 82 ಕೆ.ಜಿ. ನಮ್ಮ ಯಜಮಾನರಿಗೂ ಅತ್ತೆಗೂ ಸಕ್ಕರೆ ಕಾಯಿಲೆ. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು, ಅಣ್ಣನ ಮಗನ ಮದುವೆಯಲ್ಲಿ ಪಂಕ್ತಿಯ ಎದುರೇ "ಇನ್ನೊಂದು ಹೋಳಿಗೆ ಬೇರೆ ಬೇಕಾ, ಕನ್ನಡಿ ನೋಡ್ಕೋ" ಅಂದುಬಿಟ್ಟೆ. ಎಲೆ ಬಿಟ್ಟು ಎದ್ದಳು. ಆಮೇಲೆ ನಮ್ಮ ಜೊತೆ ಊಟಕ್ಕೇ ಕೂರುತ್ತಿಲ್ಲ. ರಾತ್ರಿ ದೀಪ ಹಾಕದೆ ಚಕ್ಕುಲಿ ಡಬ್ಬಿ ತೆಗೆಯುವ ಸದ್ದು ಕೇಳಿಸುತ್ತದೆ. ನಾಚಿಕೆಯಾದರಾದರೂ ಇಳಿಸುತ್ತಾಳೆ ಅಂದುಕೊಂಡಿದ್ದೆ. ತಪ್ಪಾಯಿತೆ?
– ಹೆಸರು ಬೇಡ, ಹಾಸನ

ಉತ್ತರ: ಹೌದಮ್ಮ, ತಪ್ಪಾಯಿತು. ಮಗಳಿಗೂ ಸಕ್ಕರೆ ಬಂದೀತೆಂಬ ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಆದರೆ ಅಷ್ಟು ಜನರ ನಡುವೆ ಆಕೆಗೆ ತಲುಪಿದ್ದು ಅವಮಾನ ಮಾತ್ರ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇಂಗ್ಲೆಂಡಿನ ಸುಮಾರು 2,900 ಹಿರಿಯರ ನಾಲ್ಕು ವರ್ಷಗಳ ತೂಕ ನೋಡಿ 2014ರಲ್ಲಿ ವರದಿ ಕೊಟ್ಟರು. ದಪ್ಪಗಿರುವುದಕ್ಕೆ ಜನ ಕೀಳಾಗಿ ಕಂಡರು ಎಂದವರ ತೂಕ ಸರಾಸರಿ 0.95 ಕೆ.ಜಿ. ಏರಿತ್ತು; ಉಳಿದವರದು 0.71 ಕೆ.ಜಿ. ಇಳಿದಿತ್ತು. ಏರಿದ್ದಕ್ಕೆ ಅವಮಾನವೊಂದೇ ಕಾರಣವೆಂದು ಇದರಿಂದ ಹೇಳಲಾಗದು. ಚುಚ್ಚಿದರೆ ಇಳಿಯುತ್ತದೆ ಎನ್ನುವವರಿಗಂತೂ ಇಲ್ಲಿ ಆಧಾರ ಸಿಗುವುದಿಲ್ಲ.

ನಾಚಿಕೆಪಟ್ಟವರು ಮರೆಯಾಗುತ್ತಾರೆ. ಪಾರ್ಕಿನಲ್ಲಿ ಜನ ನೋಡುತ್ತಾರೆಂದು ವಾಕಿಂಗ್ ಬಿಡುತ್ತಾರೆ, ತೂಕದ ಮಾತು ಬರುತ್ತದೆಂದು ಡಾಕ್ಟರ ಬಳಿ ಹೋಗುವುದನ್ನು ಮುಂದೂಡುತ್ತಾರೆ. ಎಲ್ಲರೆದುರು ಊಟ ಬಿಟ್ಟ ಹಸಿವು, ಜೊತೆಗೆ ಸಂಕಟ, ಎರಡೂ ಸೇರಿ ರಾತ್ರಿ ಡಬ್ಬಿಯ ಮುಚ್ಚಳ ತೆಗೆಸುತ್ತವೆ. ಆ ಡಬ್ಬಿಯನ್ನು ದಯವಿಟ್ಟು ಬಚ್ಚಿಡಬೇಡಿ.

ಮೊದಲು ಕ್ಷಮೆ ಕೇಳಿ. "ಅವತ್ತು ಹಾಗೆ ಅನ್ನಬಾರದಿತ್ತು ಕಣೇ" ಅಂದರೆ ಸಾಕು, "ನಿನ್ನ ಒಳ್ಳೆಯದಕ್ಕೇ" ಅಂತ ಬಾಲ ಸೇರಿಸಬೇಡಿ. ಸ್ವಲ್ಪ ದಿನ ಕಳೆಯಲಿ. ಆಮೇಲೆ, ಆಕೆ ಒಪ್ಪಿದರೆ, ಥೈರಾಯ್ಡ್, ಪಿಸಿಓಡಿ, ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಮಾಡಿಸಿ. ಎಷ್ಟೋ ಹುಡುಗಿಯರ ತೂಕದ ಹಿಂದೆ ಇಂಥ ಕಾರಣವಿರುತ್ತದೆ, ಬೈಗುಳ ತಿನ್ನುವುದು ಮಾತ್ರ ಅವರ ನಾಲಿಗೆ!

ತೂಕದ ಯಂತ್ರವನ್ನು ಸದ್ಯಕ್ಕೆ ಮರೆತುಬಿಡಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ನಡಿಗೆ, ಊಟ ತಿದ್ದಿಕೊಂಡಾಗ ಕಾಯಿಲೆಯ ಅಪಾಯ ಶೇ. 28.5ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಹಾಗಾಗಿ ಅನ್ನ ಕಡಿಮೆ, ಸೊಪ್ಪು-ಕಾಳು ಹೆಚ್ಚು ಎನ್ನುವ ಬದಲಾವಣೆ ಇಡೀ ಮನೆಗೆ ಬರಲಿ. ಯಜಮಾನರಿಗೂ ಅದು ಬೇಕೇಬೇಕು. ಮಗಳೊಬ್ಬಳಿಗೇ ಬೇರೆ ತಟ್ಟೆ ಹಾಕಿದರೆ ಅದು ಶಿಕ್ಷೆ.

ಕದ್ದು ತಿನ್ನುವುದು ವಾರಗಟ್ಟಲೆ ಮುಂದುವರಿದರೆ, ಆಕೆ ಮಂಕಾಗಿಯೇ ಇದ್ದರೆ, ಮನಶ್ಶಾಸ್ತ್ರಜ್ಞರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಆಕೆಗೆ ಹಿಂಜರಿಕೆಯಿದ್ದರೆ ಮೊದಲು ನೀವೇ ಮಾಡಿ.