ಹಬ್ಬ ಮುಗಿದ ಮೇಲೆ ಖರೀದಿ: ಉಳಿತಾಯ ಎಲ್ಲಿ, ಮೋಸ ಎಲ್ಲಿ?



ಸಂಘಗಳ ಲೆಕ್ಕಪುಸ್ತಕ ನೋಡಲು ಕೂತಾಗ ಒಂದು ವಿಷಯ ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸಾಲದ ಅರ್ಜಿಗಳು ಒಂದರ ಹಿಂದೆ ಒಂದು ಬರುತ್ತವೆ. ಸಾಲದ ಉದ್ದೇಶ ಎಂಬಲ್ಲಿ ‘ಮನೆ ಖರ್ಚು’ ಎಂದು ಬರೆದಿರುತ್ತದೆ. ಬಾಯಿ ಬಿಟ್ಟು ಕೇಳಿದರೆ ದೀಪಾವಳಿ, ಕ್ರಿಸ್ಮಸ್, ಬಟ್ಟೆಬರೆ. ಆ ಸಾಲದ ಕಂತು ತೀರುವ ಮೊದಲೇ ಜೂನ್ ಬಂದಿರುತ್ತದೆ. ಶಾಲೆಯ ಫೀಸು, ಪುಸ್ತಕ, ಕೊಡೆ, ರೈನ್‌ಕೋಟು. ಹಬ್ಬದ ಸಾಲ ಬಾಕಿ ಇದೆ ಎಂಬ ಕಾರಣಕ್ಕೆ ಶಾಲೆಯ ಸಾಲ ಸಿಗದೆ ಹಿಂದೆ ಹೋದ ತಾಯಂದಿರನ್ನು ನಾನು ನೋಡಿದ್ದೇನೆ. ಅವರು ಆಮೇಲೆ ಯಾರ ಹತ್ತಿರ ಕೈ ಚಾಚುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಈ ಸಲದ ಪಾಠ ಹಬ್ಬದ ಖರೀದಿಯ ಬಗ್ಗೆ. ಇನ್ನೂ ಸರಿಯಾಗಿ ಹೇಳುವುದಾದರೆ, ಹಬ್ಬ ಕಳೆದ ಮೇಲೆ ಮಾಡುವ ಖರೀದಿಯ ಬಗ್ಗೆ.

ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: “ಹಬ್ಬ ಮುಗಿದ ಮೇಲೆ ತಗೊಂಡು ಏನು ಪ್ರಯೋಜನ ಸಿಸ್ಟರ್? ಹಬ್ಬದ ದಿನ ಮಕ್ಕಳು ಹಳೇದು ಹಾಕ್ಕೊಂಡು ಹೋದ್ರೆ ನಾಲ್ಕು ಜನ ಏನು ಹೇಳ್ತಾರೆ?” ನ್ಯಾಯವಾದ ಪ್ರಶ್ನೆ. ಮಕ್ಕಳ ಹಬ್ಬದ ಬಟ್ಟೆಯನ್ನು ಕಸಿಯಿರಿ ಎಂದು ನಾನು ಹೇಳುವುದಿಲ್ಲ. ಅದೊಂದು ಜೊತೆ ಹಬ್ಬದ ಮೊದಲೇ ಬರಲಿ. ಆದರೆ ಬಿಲ್ಲು ತೆಗೆದು ನೋಡಿ: ಮಕ್ಕಳ ಬಟ್ಟೆಯ ಜೊತೆಯಲ್ಲೇ ನಿಮ್ಮ ಸೀರೆ, ಯಜಮಾನರ ಶರ್ಟು, ಎರಡು ಬೆಡ್‌ಶೀಟು, ಬಾಗಿಲಿನ ಪರದೆ, ಸ್ಟೀಲಿನ ಡಬ್ಬಿ ಎಲ್ಲಾ ಸೇರಿರುತ್ತದೆ. ಇವು ಆ ವಾರವೇ ಬೇಕಾ? ದೊಡ್ಡವರ ಅಳತೆ ವರ್ಷಕ್ಕೆ ಬದಲಾಗುವುದಿಲ್ಲ. ಬೆಡ್‌ಶೀಟಿಗೆ ಹಬ್ಬ ಯಾವುದು ಎಂದು ಗೊತ್ತಿರುವುದಿಲ್ಲ!

ಒಂದು ಲೆಕ್ಕ ಹಾಕೋಣ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯ ಸಂಘ ಎಂದು ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ 10,000 ರೂಪಾಯಿ ಸಾಲ ತೆಗೆದು ಬಟ್ಟೆ, ಸಾಮಾನು ಕೊಂಡಿರಿ. ತಿಂಗಳಿಗೆ 1,000ದಂತೆ ಅಸಲು ಕಟ್ಟಿದರೆ ಮೊದಲ ತಿಂಗಳ ಬಡ್ಡಿ 200, ಆಮೇಲೆ 180, 160. ಹೀಗೆ ಇಳಿಯುತ್ತಾ ಹತ್ತು ತಿಂಗಳಿಗೆ ಒಟ್ಟು 1,100 ರೂಪಾಯಿ. ಅಂದರೆ ನೀವು ಕೊಟ್ಟದ್ದು 11,100. ಅದೇ ಸಾಮಾನು ಜನವರಿಯಲ್ಲಿ ನೂರಕ್ಕೆ 30 ಕಡಿಮೆಗೆ ಸಿಕ್ಕಿದರೆ 7,000. ಆ 7,000ವನ್ನು ಸಾಲವಿಲ್ಲದೆ ಒಟ್ಟು ಮಾಡಲು ವಾರಕ್ಕೆ 140 ರೂಪಾಯಿ ಬೇರೆಯಾಗಿ ಇಟ್ಟರೆ ವರ್ಷಕ್ಕೆ 7,280 ಆಗುತ್ತದೆ. ವ್ಯತ್ಯಾಸ ನಾಲ್ಕು ಸಾವಿರಕ್ಕೂ ಮೇಲೆ.

“ಬಡ್ಡಿ ನಮ್ಮ ಸಂಘಕ್ಕೇ ಬರ್ತದಲ್ಲ?” ಎಂದು ಕೇಳುವವರಿದ್ದಾರೆ. ಬರುತ್ತದೆ, ಸುಳ್ಳಲ್ಲ. ಆದರೆ ಆ ಹತ್ತು ಸಾವಿರ ಸೀರೆ, ಪರದೆಯಲ್ಲಿ ಕೂತಿರುವಷ್ಟು ದಿನ ಹಸು ತರಬೇಕೆಂದಿರುವವಳಿಗೆ, ಆಸ್ಪತ್ರೆಗೆ ಹೋಗಬೇಕಾದವಳಿಗೆ ಅದು ಸಿಗುವುದಿಲ್ಲ. ಸಂಘದ ನಿಧಿ ಅಂದರೆ ಊರಿನ ಒಂದೇ ಬಾವಿ ಇದ್ದ ಹಾಗೆ.

ಅಂಗಡಿಯವರು ಯಾಕೆ ಬೆಲೆ ಇಳಿಸುತ್ತಾರೆ? ನಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಹಬ್ಬಕ್ಕೆಂದು ಅವರೂ ಸಾಲ ಮಾಡಿ, ಇಲ್ಲವೇ ಹೋಲ್‌ಸೇಲಿನವರ ಹತ್ತಿರ ಉದ್ರಿ ತೆಗೆದು ಮಾಲು ತುಂಬಿಸಿರುತ್ತಾರೆ. ಹಬ್ಬ ಮುಗಿದ ಮರುದಿನದಿಂದ ಆ ಮಾಲು ಅವರಿಗೆ ಹೊರೆ. ಹಣ ಅದರಲ್ಲಿ ಸಿಕ್ಕಿಕೊಂಡಿದೆ, ಬಡ್ಡಿ ಓಡುತ್ತಿದೆ, ಹೊಸ ಮಾಲಿಗೆ ಕಪಾಟಿನಲ್ಲಿ ಜಾಗವಿಲ್ಲ. ಡಿಸೈನು ಹಳತಾಗುತ್ತದೆ. ಮಧ್ಯದ ಅಳತೆಗಳೆಲ್ಲ ಖಾಲಿಯಾಗಿ ತೀರಾ ಸಣ್ಣದು, ತೀರಾ ದೊಡ್ಡದು ಮಾತ್ರ ಉಳಿದಿರುತ್ತದೆ. ಆಗ ಲಾಭ ಬಿಟ್ಟು, ಕೆಲವೊಮ್ಮೆ ಅಸಲಿಗೂ ಕಡಿಮೆಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ಅವರಿಗೆ ಲೇಸು. ಮೊಂಬತ್ತಿ, ಗೂಡುದೀಪ ಮಾಡಿ ಮಾರುವ ನಮ್ಮ ಸಂಘದವರಿಗೂ ಇದರಲ್ಲಿ ಪಾಠ ಉಂಟು. ಉಳಿದ ಮಾಲನ್ನು ‘ಮುಂದಿನ ವರ್ಷಕ್ಕಾಯ್ತು’ ಎಂದು ಅಟ್ಟಕ್ಕೆ ಏರಿಸಿ ಬಣ್ಣ ಮಾಸಿಸಿಕೊಳ್ಳುವುದಕ್ಕಿಂತ ಅಸಲು ಸಿಕ್ಕಿದರೂ ಮಾರಿಬಿಡುವುದು ಒಳ್ಳೆಯದು.

ಇದು ಹಬ್ಬಕ್ಕೆ ಮಾತ್ರ ಸೀಮಿತವಲ್ಲ, ಎಲ್ಲ ಸೀಸನ್ನಿಗೂ ಇದೇ ಕಥೆ. ಘಟ್ಟದ ಮೇಲೆ ಆಷಾಢದಲ್ಲಿ, ನಮ್ಮ ಕರಾವಳಿಯಲ್ಲಿ ಆಟಿ ತಿಂಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇರುವುದಿಲ್ಲ. ಜವಳಿ ಅಂಗಡಿ ಖಾಲಿ ಹೊಡೆಯುತ್ತದೆ. ಅದಕ್ಕೇ ಆಷಾಢ ಸೇಲು. ಮುಂದಿನ ಬೇಸಿಗೆಗೆ ಮನೆಯಲ್ಲಿ ಮದುವೆ ಇರುವವರು ಉಡುಗೊರೆಯ ಸೀರೆಗಳನ್ನು ಆಗಲೇ ಕೊಂಡರೆ ಒಳ್ಳೆಯ ಹಣ ಉಳಿಯುತ್ತದೆ. ಶಾಲೆ ಶುರುವಾಗಿ ಒಂದೆರಡು ತಿಂಗಳಾದ ಮೇಲೆ ಉಳಿದ ನೋಟ್‌ಬುಕ್ಕು, ಚೀಲ ಕಡಿಮೆಗೆ ಸಿಗುತ್ತವೆ. ಬಿಳಿ ಹಾಳೆ ಒಂದು ವರ್ಷದಲ್ಲಿ ಹಾಳಾಗುವುದಿಲ್ಲ, ಗೆದ್ದಲು ಹತ್ತದಂತೆ ಇಟ್ಟರೆ ಸಾಕು. ಕೊಡೆ, ರೈನ್‌ಕೋಟು ಸೆಪ್ಟೆಂಬರ್ ಕೊನೆಗೆ. ಗಾಂಧಿ ಜಯಂತಿಯ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಬೇಟ್ ಕೊಡುವುದು ಹಳೆಯ ಪದ್ಧತಿ. ಕ್ರಿಸ್ಮಸ್ ನಕ್ಷತ್ರ, ಗೋದಲಿಯ ಬೊಂಬೆ, ಮಿಣುಕು ದೀಪದ ಸರ ಜನವರಿ ಮೊದಲ ವಾರದಲ್ಲಿ. ದೀಪದ ಸರವನ್ನು ಅಂಗಡಿಯಲ್ಲೇ ಉರಿಸಿ ನೋಡಿ ತನ್ನಿ, ಮನೆಗೆ ಬಂದ ಮೇಲೆ ಅಲ್ಲ.

ಮಿಕ್ಸಿ, ಫ್ರಿಜ್ಜಿನ ವಿಷಯ ಸ್ವಲ್ಪ ಬೇರೆ. ವರ್ಷದ ಕೊನೆಗೆ ಹಳೆಯ ಮಾಡೆಲ್ ಖಾಲಿ ಮಾಡುತ್ತಾರೆ, ತೆಗೆದುಕೊಳ್ಳಬಹುದು. ಆದರೆ ಫ್ರಿಜ್ಜಿನ ಮೇಲಿನ ಸ್ಟಾರ್ ಲೇಬಲ್ ಓದಿ. ಅದರಲ್ಲಿ ಯಾವ ಅವಧಿಯ ಲೇಬಲ್ ಎಂದು ಅಚ್ಚಾಗಿರುತ್ತದೆ. ಸ್ಟಾರ್ ಕೊಡುವ ನಿಯಮವನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರಾದ್ದರಿಂದ ಹಳೆಯ 5 ಸ್ಟಾರ್ ಹೊಸ ಲೆಕ್ಕದಲ್ಲಿ 4 ಆಗಿರಬಹುದು. ಕೊಳ್ಳುವಾಗ ಉಳಿದದ್ದು ಕರೆಂಟ್ ಬಿಲ್ಲಿನಲ್ಲಿ ಹೋಗಬಾರದಲ್ಲ?

ಕೊಳ್ಳಬಾರದ್ದೂ ಇದೆ. ಚಪ್ಪಲಿ, ಶೂ ಬಹಳ ದಿನ ಡಬ್ಬಿಯಲ್ಲಿದ್ದರೆ ಅಂಟು ಒಣಗಿ ಅಟ್ಟೆ ಕಿತ್ತು ಬರುತ್ತದೆ. ಇಲಾಸ್ಟಿಕ್ ಇರುವ ಬಟ್ಟೆಯನ್ನು ಎಳೆದು ನೋಡಿ, ಸಡಿಲವಾಗಿದ್ದರೆ ಬಿಡಿ. ಜರಿ ಸೀರೆಯ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಕೇಕು, ಚಾಕೊಲೇಟು, ಡ್ರೈಫ್ರೂಟ್ ಡಬ್ಬಿಗಳಲ್ಲಿ ದಿನಾಂಕ ನೋಡದೆ ಕೈ ಹಾಕಬೇಡಿ. ಉಳಿದ ಪಟಾಕಿಯನ್ನಂತೂ ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಯೊಳಗೆ ತರಬೇಡಿ. ಸೌದೆ ಒಲೆಯ ಮನೆಯಲ್ಲಿ ಒಂದು ವರ್ಷ ಮದ್ದು ಇಟ್ಟುಕೊಳ್ಳುವುದು ಉಳಿತಾಯವಲ್ಲ. ಮಕ್ಕಳ ಬಟ್ಟೆ ಮುಂದಿನ ವರ್ಷಕ್ಕೆಂದು ಕೊಂಡರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ಎರಡಲ್ಲ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಬಿಸಿಲಿಗೆ ಹಾಕಿ, ನುಸಿಗುಳಿಗೆ ಇಟ್ಟು ಕಟ್ಟಿಡಿ.

ಈಗ ಬೋರ್ಡಿನ ಲೆಕ್ಕ. ‘70% ವರೆಗೆ’ ಎಂದು ಬರೆದಿದ್ದರೆ ಆ ‘ವರೆಗೆ’ ಎಂಬ ಚಿಕ್ಕ ಅಕ್ಷರವನ್ನು ಮೊದಲು ಓದಿ. ಯಾವುದೋ ಮೂಲೆಯ ನಾಲ್ಕು ಶರ್ಟಿಗೆ 70, ಉಳಿದದ್ದಕ್ಕೆ 10. ‘50% + 20%’ ಅಂದರೆ 70 ಅಲ್ಲ. ಸಾವಿರದ ಸೀರೆ ಮೊದಲು 500 ಆಗುತ್ತದೆ, ಆ 500ರಲ್ಲಿ 20% ಅಂದರೆ 100 ಕಳೆದು 400. ಅಂದರೆ ಒಟ್ಟು ಬಿಟ್ಟದ್ದು 60%. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರನೇ ಒಂದು ಪಾಲು ಮಾತ್ರ ಕಡಿಮೆ, ಅದೂ ನಿಮಗೆ ಮೂರು ಬೇಕಿದ್ದರೆ. ನೀವು ಒಂದು ನೈಟಿ ತರಲು ಹೋದವರು ಮೂರು ಹೊತ್ತುಕೊಂಡು ಬಂದರೆ ಉಳಿಸಿದವರು ನೀವೋ ಅಂಗಡಿಯವರೋ?

ದೊಡ್ಡ ಮೋಸ ಬೆಲೆ ಏರಿಸಿ ಇಳಿಸುವುದು. ಇದಕ್ಕೆ ಮದ್ದು ಒಂದೇ: ಹಬ್ಬದ ಮೊದಲೇ ಅಂಗಡಿಗೆ ಹೋಗಿ ಬೆಲೆ ಬರೆದುಕೊಂಡು ಬರುವುದು. ಪೊಟ್ಟಣದ ಸಾಮಾನಿನ ಮೇಲೆ ಬೆಲೆ ಇಳಿಸಿದ ಚೀಟಿ ಅಂಟಿಸಬಹುದು, ಆದರೆ ಅದು ಕಂಪನಿ ಅಚ್ಚು ಹಾಕಿದ ಎಂ.ಆರ್.ಪಿ.ಯನ್ನು ಮುಚ್ಚಬಾರದು ಎಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮದಲ್ಲಿದೆ. ಚೀಟಿಯ ಅಡಿಯಲ್ಲಿ ಇನ್ನೊಂದು ಚೀಟಿ ಕಂಡರೆ ಉಗುರಿನಿಂದ ಕೆರೆದು ನೋಡಲು ನಾಚಿಕೆ ಬೇಡ. ಎಂ.ಆರ್.ಪಿ. ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ‘ರಿಯಾಯಿತಿ ಕೊಟ್ಟಿದ್ದೇವೆ, ತೆರಿಗೆ ಬೇರೆ’ ಎಂದು ಬಿಲ್ಲಿನ ಕೊನೆಗೆ ಸೇರಿಸುವವರಿದ್ದಾರೆ. ವ್ಯಾಟ್ ಇದ್ದ ಕಾಲದಲ್ಲಿ ಹೀಗೆ ರಿಯಾಯಿತಿ ಬೆಲೆಯ ಮೇಲೆ ತೆರಿಗೆ ವಸೂಲು ಮಾಡಿದ್ದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ಹೇಳಿದೆ. ಹಣ ಕೊಡುವ ಮೊದಲೇ ಕೇಳಿ: “ಇದು ಎಲ್ಲಾ ಸೇರಿ ಎಷ್ಟು?”

‘ಸೇಲಿನ ಮಾಲು ವಾಪಸು ಇಲ್ಲ’ ಎಂಬ ಬೋರ್ಡಿಗೆ ಹೆದರಿ ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಹಾಗೆಯೇ. ನೆನಪಿಡಿ, ದೋಷ ಇದ್ದರೆ ಮಾತ್ರ. ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂದರೆ ಅದು ಅಂಗಡಿಯವರ ಮರ್ಜಿ. ಕಳೆದ ಸಲ ಒಬ್ಬ ಸದಸ್ಯೆ ತಂದ ಬೆಡ್‌ಶೀಟು ಬಿಚ್ಚಿದಾಗ ನಡುವೆ ತೂತು. “ಸೇಲಿನದ್ದಲ್ವಾ, ನಾನೇನು ಕೇಳುವುದು” ಎಂದು ಕೂತಿದ್ದರು. ಬಿಲ್ಲು ಹಿಡಿದುಕೊಂಡು ಸಂಘದ ಇಬ್ಬರು ಜೊತೆಗೆ ಹೋದರು, ಜಗಳ ಮಾಡದೆ ಕಾಯ್ದೆಯ ಮಾತು ಹೇಳಿದರು, ಬೇರೆ ಕೊಟ್ಟು ಕಳಿಸಿದರು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಮೊಬೈಲಿಗೆ ಬರುವ ‘ಹಬ್ಬದ ಕೊನೆಯ ಆಫರ್’ ಲಿಂಕುಗಳನ್ನು ಒತ್ತಲೇಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ದಾರಿ ಒಟ್ಟಾಗಿ ಕೊಳ್ಳುವುದು. ಹದಿನೈದು ಮನೆಗೆ ಮೂವತ್ತು ಬೆಡ್‌ಶೀಟು ಬೇಕು ಎಂದರೆ ಅಂಗಡಿಯವರು ಕುರ್ಚಿ ಹಾಕಿ ಕೂರಿಸಿ ಮಾತಾಡುತ್ತಾರೆ. ಸಭೆಯಲ್ಲಿ ಪಟ್ಟಿ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆದು, ಇಬ್ಬರನ್ನು ಕಳಿಸಿ. ಹಣ ಅವರವರದ್ದೇ ಆಗಿರಲಿ, ಸಂಘದ ನಿಧಿಯಿಂದ ಬೇಡ. ಬಸ್ ಚಾರ್ಜನ್ನು ಹಂಚಿಕೊಳ್ಳಿ. ಒಬ್ಬೊಬ್ಬರೇ ಪೇಟೆಗೆ ಹೋಗಿ 80 ರೂಪಾಯಿ ಬಸ್ಸಿಗೆ, 60 ಹೋಟೆಲಿಗೆ ಕೊಟ್ಟು 150 ಉಳಿಸಿ ಬರುವುದರಲ್ಲಿ ಏನೂ ಇಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಕಳೆದ ಹಬ್ಬದಲ್ಲಿ ಕೊಂಡ ವಸ್ತುಗಳನ್ನು ನೆನಪಿಸಿ ಒಂದು ಹಾಳೆಯಲ್ಲಿ ಬರೆದು ತನ್ನಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಹಬ್ಬದ ದಿನವೇ ಬೇಕಾಗಿದ್ದಕ್ಕೆ ಒಂದು ಗುರುತು, ತಿಂಗಳು ಕಾದರೂ ಆಗುತ್ತಿದ್ದದ್ದಕ್ಕೆ ಇನ್ನೊಂದು ಗುರುತು ಹಾಕಿ. ಎರಡನೆಯದರ ಮೊತ್ತ ಕೂಡಿಸಿ, 52 ವಾರಕ್ಕೆ ಭಾಗಿಸಿ. ಬಂದ ಸಂಖ್ಯೆಯನ್ನು ಸಭೆಯಲ್ಲಿ ಓದಿ ಹೇಳಿ. ಅಷ್ಟನ್ನು ವಾರದ ಉಳಿತಾಯದ ಜೊತೆ ‘ಹಬ್ಬದ ಉಳಿತಾಯ’ ಎಂದು ಬೇರೆ ಕಾಲಂ ಹಾಕಿ ಕಟ್ಟಬಹುದೋ ಎಂದು ಚರ್ಚಿಸಿ ನಿರ್ಣಯ ಬರೆಯಿರಿ. ಪ್ರೇರಕಿಯರು ಆ ನಿರ್ಣಯದ ಪ್ರತಿಯನ್ನು ತಿಂಗಳ ವರದಿಯ ಜೊತೆ ಕಚೇರಿಗೆ ತಲುಪಿಸಿ.