ಮುಪ್ಪಿನಲ್ಲಿ ಕಲಿಯುವದೂ ನೆನಪಿಡುವದೂ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬದು ಇನ್ನೊಂದು. ಇವನ್ನು ನಂಬಿ ನಮ್ಮ ಹಳ್ಳಿಗಳ ಎಷ್ಟೋ ಮಂದಿ ಹಿರಿಯರು, "ನಮಗೆ ಇನ್ನೆಂಥಾ ಓದು? ತಲೆಯಲ್ಲಿ ಏನೂ ನಿಲ್ಲದು" ಎಂದು ಹೇಳಿ ಪುಸ್ತಕವನ್ನು ಮುಟ್ಟದೆ ಇರುತ್ತಾರೆ. ಮನೆಯ ಚಿಕ್ಕವರೂ ಅದನ್ನೇ ನಂಬಿ, ಅಜ್ಜಿಯು ಒಂದು ಮಾತನ್ನು ಎರಡನೆಯ ಸಾರಿ ಕೇಳಿದರೆ ನಗುತ್ತಾರೆ. ಈ ಗಾದೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಮುಪ್ಪಿನಲ್ಲಿ ಕುಗ್ಗುವದು ಯಾವದು?

ಜ್ಞಾಪಕವು ಒಂದೇ ಕೋಣೆಯ ಮನೆಯಲ್ಲ. ಅದರಲ್ಲಿ ಹಲವು ಕೋಣೆಗಳುಂಟು. ಮಾತುಗಳ ಅರ್ಥ, ಬೆಳೆಯ ಹದ, ನೆಂಟರ ಸಂಬಂಧ ಇವುಗಳ ತಿಳುವಳಿಕೆಯು ಒಂದು. ನೇಗಿಲು ಹಿಡಿಯುವ, ರೊಟ್ಟಿ ತಟ್ಟುವ ಕೈಯ ರೂಢಿಯು ಎರಡನೆಯದು. ನಿನ್ನೆ ಯಾರು ಬಂದರು, ಬೀಗದ ಕೈಯನ್ನು ಎಲ್ಲಿಟ್ಟೆವು ಎಂಬಂಥ ಹೊಸ ಸಂಗತಿಗಳ ನೆನಪು ಮೂರನೆಯದು. ಆರೋಗ್ಯವಂತರಾದ ವೃದ್ಧರಲ್ಲಿ ಮೊದಲಿನ ಎರಡು ಬಹುಕಾಲ ಗಟ್ಟಿಯಾಗಿ ನಿಲ್ಲುವವು. ಮುಖ್ಯವಾಗಿ ಕುಗ್ಗುವಂಥದ್ದು ಮೂರನೆಯದು. ಮಿದುಳಿನೊಳಗೆ ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗವೊಂದುಂಟು. ಹೊಸ ಸಂಗತಿಗಳನ್ನು ನೆನಪಿಗೆ ಸೇರಿಸುವದರಲ್ಲಿ ಅದರ ಪಾತ್ರ ದೊಡ್ಡದು; ವಯಸ್ಸಾದ ಹಾಗೆ ಅದು ಸ್ವಲ್ಪಸ್ವಲ್ಪವಾಗಿ ಕಿರಿದಾಗುವದು. ಮನಸ್ಸಿನ ವೇಗವೂ ತಗ್ಗುವದು. ಆದದರಿಂದಲೇ ಒಬ್ಬರ ಹೆಸರು ನಾಲಿಗೆಯ ತುದಿಯಲ್ಲಿದ್ದೂ ಬಾರದೆ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಬರುವದು. ಇದಲ್ಲದೆ, ಕಿವಿ ಮಂದವಾದವರು ಎಷ್ಟೋ ಸಾರಿ ಮಾತನ್ನು ಮರೆತದ್ದಲ್ಲ. ಅದು ಅವರಿಗೆ ಸರಿಯಾಗಿ ಕೇಳಿಸಿಯೇ ಇರಲಿಲ್ಲ.

೨. ಕಲಿಯುವ ಶಕ್ತಿ ಹೋಗುವದೋ?

ಹೋಗುವದಿಲ್ಲ; ನಿಧಾನವಾಗುವದು. ಅಮೇರಿಕದ ಥಾರ್ನ್‌ಡೈಕ್ ಎಂಬ ಪಂಡಿತರು ದೊಡ್ಡವರ ಕಲಿಕೆಯನ್ನು ಪರೀಕ್ಷಿಸಿ ೧೯೨೮ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಪ್ರಾಯ ಕಳೆದವರು ಕಲಿಯಲಾರರೆಂಬ ಅಭಿಪ್ರಾಯವನ್ನು ಅಲ್ಲಗಳೆದರು. ನಮಗೆ ಹತ್ತಿರದ ಸಾಕ್ಷಿಯೂ ಉಂಟು. ನೆರೆಯ ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮನವರು ಚಿಕ್ಕಂದಿನಲ್ಲಿ ಶಾಲೆ ಕಲಿತವರಲ್ಲ. ೨೦೧೮ರಲ್ಲಿ, ತಮ್ಮ ೯೬ನೆಯ ವಯಸ್ಸಿನಲ್ಲಿ, ಅವರು ಸಾಕ್ಷರತೆಯ ಪರೀಕ್ಷೆಗೆ ಕೂತು ೧೦೦ಕ್ಕೆ ೯೮ ಅಂಕಗಳನ್ನು ಪಡೆದರು. ೨೦೨೦ರಲ್ಲಿ ಭಾರತದ ರಾಷ್ಟ್ರಪತಿಗಳು ಅವರಿಗೆ ನಾರೀಶಕ್ತಿ ಪುರಸ್ಕಾರವನ್ನು ಕೊಟ್ಟರು; ೨೦೨೩ರಲ್ಲಿ ಅವರು ತೀರಿಕೊಂಡರು. ಮರವು ಬಗ್ಗಲಿಕ್ಕಿಲ್ಲ, ಆದರೆ ಹಳೇ ಮರದಲ್ಲಿಯೂ ಹೊಸ ಚಿಗುರು ಬರುವದನ್ನು ನಾವು ವರ್ಷವರ್ಷವೂ ನೋಡುತ್ತೇವಲ್ಲವೇ?

೩. ವೃದ್ಧರು ಹೇಗೆ ಕಲಿಯಬೇಕು?

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬವರು ತಮ್ಮನ್ನೇ ಪರೀಕ್ಷಿಸಿಕೊಂಡು ೧೮೮೫ರಲ್ಲಿ ತಿಳಿಸಿದ್ದೇನಂದರೆ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಕಲಿತ ಸ್ವಲ್ಪ ಹೊತ್ತಿನಲ್ಲಿಯೇ ಮರೆತುಹೋಗುವದು. ಒಂದೇ ಸಾರಿ ಬಹಳ ಓದುವದಕ್ಕಿಂತ ದಿನಗಳನ್ನು ಬಿಟ್ಟು ಓದಿದ್ದು ಹೆಚ್ಚು ನಿಲ್ಲುವದು. ಕೆರೆಯ ನೀರನ್ನೆಲ್ಲಾ ಒಂದೇ ದಿನ ಹೊಲಕ್ಕೆ ಬಿಡುವ ಒಕ್ಕಲಿಗನು ಉಂಟೋ? ಆದದರಿಂದ ದಿನಕ್ಕೆ ಎರಡೇ ಅಕ್ಷರ ಕಲಿಯಿರಿ. ನಾಳೆ, ನಾಡದು, ವಾರದ ಮೇಲೆ ಅವನ್ನೇ ತಿರುಗಿ ನೋಡಿರಿ. ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆಯಿರಿ. ಹೊಸದನ್ನು ಮೊದಲೇ ತಿಳಿದದ್ದರ ಜೊತೆಗೆ ಕಟ್ಟಿರಿ: ರಾಗಿಯನ್ನು ಬಲ್ಲವರಿಗೆ ರಕಾರವು ಬೇಗ ಹತ್ತುವದು. ಕನ್ನಡಕ ಬೇಕಾದರೆ ಹಾಕಿಕೊಳ್ಳಿರಿ. ರಾತ್ರಿ ಚೆನ್ನಾಗಿ ನಿದ್ರೆಮಾಡಿರಿ. ನಡೆಯುವದನ್ನೂ ಬಿಡಬೇಡಿರಿ, ಯಾಕಂದರೆ ೨೦೧೧ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ ೧೨೦ ಮಂದಿ ಹಿರಿಯರು ಎರಡು ಗುಂಪಾಗಿದ್ದು, ಒಂದು ವರ್ಷ ಕ್ರಮವಾಗಿ ಬಿರುಸಾಗಿ ನಡೆದವರಲ್ಲಿ ನಾವು ಮೇಲೆ ಹೇಳಿದ ಮಿದುಳಿನ ಭಾಗವು ನೂರಕ್ಕೆ ಎರಡರಷ್ಟು ದೊಡ್ಡದಾಯಿತು, ಮೈ ಚಾಚುವ ಹಗುರ ಅಭ್ಯಾಸವನ್ನು ಮಾತ್ರ ಮಾಡಿದವರಲ್ಲಿ ಕಿರಿದಾಯಿತು.

೪. ರೋಗದಿಂದಾಗುವ ಮರವೆ

ಬೀಗದ ಕೈ ಎಲ್ಲಿದೆಯೆಂದು ಮರೆಯುವದು ಬೇರೆ. ಬೀಗದ ಕೈ ಯಾತಕ್ಕೆಂದು ಮರೆಯುವದು ಬೇರೆ. ಹುಟ್ಟಿದ ಊರಿನಲ್ಲಿಯೇ ದಾರಿ ತಪ್ಪುವದು, ಕೇಳಿದ್ದನ್ನೇ ಅದೇ ಗಳಿಗೆಯಲ್ಲಿ ಮತ್ತೆ ಮತ್ತೆ ಕೇಳುವದು, ಮಕ್ಕಳ ಗುರುತು ಹತ್ತದಿರುವದು ಇವು ಬರೇ ಮುಪ್ಪಿನ ಲಕ್ಷಣಗಳಲ್ಲ. ಜರ್ಮನಿಯ ವೈದ್ಯರಾದ ಆಲ್ಜೈಮರ್ ಎಂಬವರು ೧೯೦೬ರಲ್ಲಿ ಇಂಥ ಒಂದು ಮಿದುಳಿನ ರೋಗವನ್ನು ವಿವರಿಸಿದರು. ಅದನ್ನು ಪೂರಾ ಗುಣಪಡಿಸುವ ಔಷಧವು ಈವರೆಗೆ ಸಿಕ್ಕಿಲ್ಲ. ಆದರೆ ಮರವೆಯೆಲ್ಲಾ ಆ ರೋಗವಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-೧೨ ಜೀವಸತ್ವದ ಕೊರತೆ, ಮನಗುಂದುವಿಕೆ, ಕೆಲವು ಔಷಧಗಳು ಇವುಗಳಿಂದಲೂ ಮರವೆಯುಂಟಾಗುವದು. ಇವಕ್ಕೆ ಪರಿಹಾರ ಉಂಟು. ಆದದರಿಂದ ಅಂಥವರಿಗೆ ದೆವ್ವ ಬಡಿದಿದೆ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ಯದೆ, ವಯಸ್ಸಾಯಿತು ಬಿಡು ಎಂದು ಮೂಲೆಯಲ್ಲಿ ಕೂರಿಸದೆ, ತಡಮಾಡದೆ ಆಸ್ಪತ್ರೆಯ ವೈದ್ಯರಿಗೆ ತೋರಿಸತಕ್ಕದ್ದು.

ಯೌವನಸ್ಥರೇ, ನಿಮಗೆ ಒಂದು ಮಾತು. ನೀವು ನಡೆಯಲಿಕ್ಕೆ ಕಲಿತಾಗ ಎಷ್ಟು ಸಾರಿ ಬಿದ್ದಿರಿ ಎಂದು ನಿಮ್ಮ ಅಜ್ಜಿಯು ಲೆಕ್ಕ ಇಡಲಿಲ್ಲ. ಆಕೆಯು ಒಂದು ಅಕ್ಷರವನ್ನು ಹತ್ತು ಸಾರಿ ಕೇಳಿದರೆ ಹನ್ನೊಂದನೆಯ ಸಾರಿಯೂ ಹೇಳಿಕೊಡಿರಿ. ನಿಮ್ಮ ನಗೆಯು ಆಕೆಯ ಪುಸ್ತಕವನ್ನು ಮುಚ್ಚಿಸಿದರೆ, ಅದನ್ನು ತಿರುಗಿ ತೆರೆಸುವದು ಬಹು ಕಷ್ಟ.

ವಿಚಾರಿಸತಕ್ಕ ಪ್ರಶ್ನೆಗಳು: (೧) ಮುಪ್ಪಿನಲ್ಲಿ ಯಾವ ನೆನಪು ಕುಗ್ಗುವದು, ಯಾವದು ನಿಲ್ಲುವದು? (೨) ಮುಪ್ಪಿನ ಮರವೆಗೂ ರೋಗದ ಮರವೆಗೂ ಭೇದವೇನು? (೩) ನಮ್ಮ ಮನೆಯ ಹಿರಿಯರಲ್ಲಿ ಓದಲು ಆಶೆಯಿದ್ದೂ ನಾಚಿ ಸುಮ್ಮನಿರುವವರು ಯಾರು? ಈ ವಾರದಲ್ಲಿ ಅವರ ಬಳಿಯಲ್ಲಿ ಕೂತುಕೊಳ್ಳುವವರು ಯಾರು?