ಗುಡುಗುಡಿಯ ಪದ: ಏಕತಾರಿಯಿಂದ ಗಿಟಾರಿಗೆ

ಒಂಬತ್ತನೆಯ ಇಯತ್ತೆಯಲ್ಲಿ ತತ್ವಪದದ ಪಾಠ ನಡೆದಿತ್ತು. ಶಿಶುನಾಳ ಶರೀಫ ಸಾಹೇಬರ ಗುಡುಗುಡಿಯ ಪದ ಯಾರಿಗೆ ಗೊತ್ತು ಎಂದು ಕೇಳಿದೆವು. ಅಕ್ಕಲಕೋಟ ತಾಲೂಕಿನ ಹಳ್ಳಿಯಿಂದ ಸೊಲ್ಲಾಪುರಕ್ಕೆ ಬಂದು ಓದುವ ಹುಡುಗನೊಬ್ಬ ಎದ್ದು, "ಅದು ರಾಕ್ ಹಾಡು ರೀ ಸರ್" ಎಂದನು. ವರ್ಗವೆಲ್ಲ ನಕ್ಕಿತು, ನಮಗೆ ನಗು ಬರಲಿಲ್ಲ.

ಆದರೆ ಅವನು ಹೇಳಿದ್ದು ಸುಳ್ಳಲ್ಲ. ರಘು ದೀಕ್ಷಿತ್ ಅವರು (ನಮ್ಮ ಮಹಾರಾಷ್ಟ್ರದ ನಾಶಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು) ೨೦೦೮ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ ಈ ಪದವಿದೆ. ಅವರ ಮೇಳ ೨೦೧೦ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿಯೂ ಹಾಡಿತು. ಒಂದು ಶನಿವಾರ ಅವರ ಕಚೇರಿಯ ಚಿತ್ರೀಕರಣವನ್ನು ಶಾಲೆಯ ಗಣಕಯಂತ್ರದಲ್ಲಿ ಎಲ್ಲರೂ ಕೂಡಿ ನೋಡಿದೆವು. ಗಾಯಕರು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತ ಹಾಡುತ್ತಾರೆ. ಡ್ರಮ್ಮು, ಗಿಟಾರು, ಪಿಟೀಲು ಒಮ್ಮೆಲೆ ಏರುತ್ತವೆ. ಪಲ್ಲ ಬಂದಾಗ ಜನರು ಕೈಯೆತ್ತಿ ನೆಗೆಯುತ್ತಾರೆ. ನಮ್ಮ ವರ್ಗದ ಬೆಂಚುಗಳೂ ಸುಮ್ಮನಿರಲಿಲ್ಲ.

ಏಕತಾರಿಗೆ ಒಂದೇ ತಂತಿ. ಅದರ ಕಂಪನವನ್ನು ಸೋರೆಬುರುಡೆಯ ಟೊಳ್ಳು ದೊಡ್ಡದು ಮಾಡುತ್ತದೆ; ಆದರೂ ಅದು ಗುಡಿಯ ಕಟ್ಟೆ ದಾಟಿ ಬಹುದೂರ ಹೋಗದು. ವಿದ್ಯುತ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಕಟ್ಟಿಗೆಯದು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದ್ದು, ಅದಕ್ಕೆ ತೆಳುವಾದ ತಾಮ್ರದ ತಂತಿಯನ್ನು ಸುತ್ತಿರುತ್ತಾರೆ. ಮೇಲಿನ ತಂತಿ ಕಂಪಿಸಿದರೆ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹೆಚ್ಚಿಸಿ ಧ್ವನಿವರ್ಧಕಕ್ಕೆ ಕೊಡುತ್ತಾರೆ. (ವಿಜ್ಞಾನದ ಗುರುಗಳು ಇದನ್ನು ನಮಗಿಂತ ಚೆನ್ನಾಗಿ ಹೇಳಿಯಾರು.) ಸಾವಿರಾರು ಜನರಿಗೆ ಒಂದು ಪದ ಮುಟ್ಟಬೇಕಾದರೆ ಇದೆಲ್ಲ ಬೇಕು. ಅದನ್ನು ಬರಿಯ ಗದ್ದಲವೆಂದು ಹಳಿಯಲು ನಾವು ಸಿದ್ಧರಿಲ್ಲ.

ನಮ್ಮ ತಕರಾರು ಬೇರೆ. ಕಚೇರಿ ಮುಗಿದ ಮೇಲೆ ಕೇಳಿದರೆ ಪಲ್ಲ ಎಲ್ಲರಿಗೂ ಬಂದಿತ್ತು, ನುಡಿ ಯಾರಿಗೂ ಬಂದಿರಲಿಲ್ಲ. ವಾದ್ಯಗಳ ಅಬ್ಬರದಲ್ಲಿ ನುಡಿಯ ಶಬ್ದಗಳೇ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ. ಪದದ ತಿರುಳಿರುವುದೋ ಅಲ್ಲಿಯೇ! ಮನಸ್ಸೇ ಸಂಚಿ, ಕೊಚ್ಚಿ ತುಂಬುವ ಭಂಗಿಯೇ ಮೋಹ, ಸುಡುವ ಬೆಂಕಿಯೇ ಬುದ್ಧಿ ಎಂದು ಶರೀಫರು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಪಲ್ಲವೊಂದನ್ನೇ ಹಿಡಿದವರು ಅವರು ಹುಕ್ಕಾ ಸೇದಲು ಹೇಳಿದರೆಂದೇ ತಿಳಿದಾರು. ಉತ್ತರಪತ್ರಿಕೆಯಲ್ಲಿ ಒಬ್ಬಳು ಹಾಗೆಯೇ ಬರೆದಿದ್ದಳು.

ಅಮಾವಾಸ್ಯೆಯ ರಾತ್ರಿಯ ಭಜನೆಯನ್ನು ನೆನೆಯಿರಿ. ಮುಂದಿನವರು ಒಂದು ಸಾಲು ಹಾಡಿದರೆ ಹಿಂದಿನವರು ಅದನ್ನೇ ತಿರುಗಿ ಹಾಡುತ್ತಾರೆ. ಪಲ್ಲವನ್ನಷ್ಟೇ ಅಲ್ಲ, ನುಡಿಯನ್ನೂ. ದಮ್ಮಡಿ, ತಾಳ ಬಿರುಸಾದಾಗ ಅಲ್ಲಿಯೂ ಜನ ಎದ್ದು ಕುಣಿಯುವುದುಂಟು, ಹುರುಪಿಗೇನೂ ಕೊರತೆಯಿಲ್ಲ. ಅಕ್ಷರ ಬಾರದವರಿಗೂ ಇಡೀ ಪದ ಬಾಯಿಪಾಠವಾದದ್ದು ಹೀಗೆ. ೧೮೮೯ರಲ್ಲಿ ಶರೀಫರು ತೀರಿಕೊಂಡ ಮೇಲೆ ಅವರ ಪದಗಳು ಬಹುಕಾಲ ಬದುಕಿದ್ದು ಇಂಥ ಹಿಮ್ಮೇಳದವರ ಬಾಯಿಯಲ್ಲಿ. ಆ ಸಾಲಿನಲ್ಲಿ ಈಗ ನಮ್ಮ ಹುಡುಗರು ಕೂಡುವುದು ಅಪರೂಪ.

"ರಾಕ್ ಹಾಡು" ಎಂದ ಹುಡುಗನನ್ನು ವಿಚಾರಿಸಿದಾಗ ಅವನ ಅಜ್ಜ ಭಜನಾ ಮೇಳದಲ್ಲಿ ಏಕತಾರಿ ಹಿಡಿಯುವವರೆಂದು ತಿಳಿಯಿತು. ಇವನು ಒಮ್ಮೆಯೂ ಅವರಿಂದ ಪದ ಕೇಳಿ ಕಲಿತಿರಲಿಲ್ಲ. ದೀಪಾವಳಿ ರಜೆಯಲ್ಲಿ ಅಜ್ಜನ ಮುಂದೆ ಕುಳಿತು ನುಡಿಗಳನ್ನು ಬರೆದು ತಾ ಎಂದೆವು. ತಂದನು. ಎರಡು ಶಬ್ದಗಳು ನಮ್ಮ ಪುಸ್ತಕದಲ್ಲಿ ಇರುವುದಕ್ಕಿಂತ ಬೇರೆಯಾಗಿವೆ. ತಿದ್ದದೆ ಹಾಗೆಯೇ ಇಡಲು ಹೇಳಿದ್ದೇವೆ.